ಟೋಲ್ ತಪ್ಪಿಸಲು ಹೋಗಿ ಹಿನ್ನೀರಿಗೆ ಇಳಿದದ್ದು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಮೊಬೈಲಿನ ನಕ್ಷೆಯಲ್ಲಿ ‘ಟೋಲ್ ಇಲ್ಲದ ದಾರಿ’ ಎಂಬುದನ್ನು ಒತ್ತಿದೆ. ಸಮಯ ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಕಾರಣ, ಆಮೇಲಿನ ಹತ್ತು ದಿನ ಅದೇ ಪರದೆ, ಅದರ ಮೂಲೆಯಲ್ಲಿದ್ದ ಅದೇ ಅಂಕೆ ನನ್ನ ಕಣ್ಣೊಳಗೆ ಬೆಳಗುತ್ತಲೇ ಇತ್ತು. ಕಾರು ಓಡಿಸುತ್ತಿದ್ದವರು ನನ್ನ ಸೋದರಮಾವ. ಆದ್ದರಿಂದ ಮನೆಯಲ್ಲಿ ತಪ್ಪೆಲ್ಲ ಅವರದೆಂದು ತೀರ್ಮಾನವಾಗಿದೆ. ಆ ತೀರ್ಮಾನವನ್ನು ನಾನು ಈವರೆಗೆ ತಿದ್ದಿಲ್ಲ. ಇಲ್ಲಿ ತಿದ್ದುತ್ತಿದ್ದೇನೆ.

ಮಾವ ಮುಂಬೈಯಲ್ಲಿ ಮೂವತ್ತು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದಾರೆ. ಊರಿಗೆ ಬಂದರೆ ಕೈ ಬಿಚ್ಚಿ ಖರ್ಚು ಮಾಡುವ ಜನ. ಬೈಂದೂರಿನಲ್ಲಿ ಅತ್ತೆಯ ಅಕ್ಕನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆಂದು, ರೈಲಿನಲ್ಲಿ ಬಂದಿಳಿದು, ಬ್ರಹ್ಮಾವರದಲ್ಲಿ ಒಂದು ಕಾರನ್ನು ಬಾಡಿಗೆಗೆ ಹಿಡಿದರು. ಡ್ರೈವರ್ ಇಲ್ಲದ, ನಾವೇ ಓಡಿಸುವ ಬಾಡಿಗೆ ಕಾರು. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ. ನಾನು ಕುಂದಾಪುರದವಳು, ಗೇರುಬೀಜದ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ. ಹಿಂದಿನ ದಿನವೇ ಬ್ರಹ್ಮಾವರಕ್ಕೆ ಹೋಗಿ ಅವರ ಜೊತೆಗಿದ್ದೆ. ಹೊರಟ ಮೇಲೆ ಕಾರು ಕೊಟ್ಟವರಿಂದ ಫೋನು ಬಂತು: ಗಾಜಿನ ಮೇಲೆ ಅಂಟಿಸಿದ ಫಾಸ್ಟ್ಯಾಗಿನಲ್ಲಿ ದುಡ್ಡಿಲ್ಲ, ಹಾಗೇ ಹೋದರೆ ಸಾಸ್ತಾನದ ಟೋಲಿನಲ್ಲಿ ಎರಡು ಪಟ್ಟು ಕೊಡಬೇಕಾದೀತು, ಈಗಲೇ ತುಂಬಿಸಿಕೊಳ್ಳಿ.

ಸುಂಕದ ಜೊತೆಗೆ ನಮ್ಮ ಕಡೆಯವರ ಸಂಬಂಧ ಹಳೆಯದು. ಹತ್ತಿರದ ಬಾರಕೂರಿನ ಶಾಸನಗಳಲ್ಲೂ ಸುಂಕದ ಮಾತು ಬರುತ್ತದೆಂದು ಓದಿದ್ದೇನೆ. ಸುಂಕ ಹಾಕಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಕತ್ತಲಲ್ಲಿ ಮೆಣಸಿನ ಮೂಟೆ ಹೊತ್ತು ಗದ್ದೆಯಂಚಿನಲ್ಲಿ ಜಾರಿಕೊಂಡವನ ಹೆಸರು ಯಾರೂ ಕೆತ್ತಿಸಲಿಲ್ಲ. ಅವನು ಖಂಡಿತ ನಮ್ಮ ಮಾವನ ವಂಶದವನು. ಈಗಲೂ ಟೋಲಿನ ಹತ್ತಿರ ಬಂದಾಗ ಊರಿನ ಗಾಡಿಯವರು ಗಾಜು ಇಳಿಸಿ “ಲೋಕಲ್” ಎನ್ನುತ್ತಾರೆ. ಆ ರಿಯಾಯಿತಿ ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಆದರೆ ಗಾಜು ಇಳಿಸುವುದು ಮಾತ್ರ ತಪ್ಪಿದ್ದಲ್ಲ. ಕಪ್ಪು ಹಲಗೆಯ ಬಾಡಿಗೆ ಕಾರಿನಲ್ಲಿ ಕೂತು ಲೋಕಲ್ ಎಂದರೆ ಯಾರು ನಂಬುತ್ತಾರೆ?

“ಕಾಣ್ ಹೆಣ್ಣೆ, ನಾನ್ ಹುಟ್ಟಿದ್ ಊರಂಗೆ ನಂಗೆ ಡಬಲ್ ರೇಟಾ?” ಎಂದರು ಮಾವ.

ಹಿಂದಿನ ಸೀಟಿನಲ್ಲಿ ಹಿತ್ತಾಳೆಯ ದೀಪವನ್ನು ಮಡಿಲಲ್ಲಿಟ್ಟುಕೊಂಡಿದ್ದ ಅತ್ತೆ, “ಹ್ವಾಯ್, ಕೊಟ್ಟ್ ಹೋಪ ಮಾರಾಯ್ರೆ. ಊಟದ ಹೊತ್ತಿಗಾರೂ ಮುಟ್ವ,” ಎಂದರು.

“ದುಡ್ಡಿನ್ ವಿಷಯ ಅಲ್ಲ ಇದ್. ಮರ್ಯಾದಿ ವಿಷಯ.”

ಮರ್ಯಾದೆಯ ವಿಷಯವೆಂದ ಮೇಲೆ ಗಂಡಸರು ದಾರಿ ಬದಲಿಸುತ್ತಾರೆ, ಹೆಂಗಸರು ನಕ್ಷೆ ತೆರೆಯುತ್ತಾರೆ. ನಾನು ತೆರೆದೆ, ಒತ್ತಿದೆ. ಫಾಸ್ಟ್ಯಾಗಿಗೆ ದುಡ್ಡು ತುಂಬಲು ಅದೇ ಮೊಬೈಲಿನಲ್ಲಿ ಅಷ್ಟೇ ಹೊತ್ತು ಸಾಕಿತ್ತು ಎಂಬ ವಿಚಾರ ನನಗೆ ಹೊಳೆದದ್ದು ಮೂರನೆಯ ದಿನ.

ಮಾಬುಕಳದ ಸೇತುವೆ ದಾಟಿ ಎಡಕ್ಕೆ, ಪಡುಬದಿಗೆ ತಿರುಗಿದೆವು. ಹಿನ್ನೀರಿನ ಪಕ್ಕದಲ್ಲೇ ಸಾಗಿ ಸಾಲಿಗ್ರಾಮದಲ್ಲಿ ಮತ್ತೆ ಹೆದ್ದಾರಿ ಸೇರುವುದೆಂದು ಲೆಕ್ಕ. ಮೊದಲು ಡಾಂಬರು ಇತ್ತು, ಆಮೇಲೆ ಕಾಂಕ್ರೀಟು, ಆಮೇಲೆ ಕೆಂಪು ಮಣ್ಣು. “ಸಣ್ಣಿಪ್ಪತ್ತಿಗೆ ಸೈಕಲ್ಲಂಗೆ ಇಲ್ಲೇ ಹೋಯ್ತಿದ್ದೆ” ಎಂದರು ಮಾವ. ಚಿಕ್ಕವರಿದ್ದಾಗ ಹೋದದ್ದು ನಿಜವೇ. ಸೈಕಲ್ಲಿಗೆ ಎರಡೇ ಗಾಲಿ, ಅವೂ ಒಂದರ ಹಿಂದೆ ಒಂದು ಎಂಬುದನ್ನು ನಾವಿಬ್ಬರೂ ಮರೆತೆವು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ದಂಡೆಯ ಮೇಲೆ ನಾವಿದ್ದೇವೆಂದು ಗೊತ್ತಾದಾಗ ತಿರುಗಿಸಲು ಜಾಗವಿರಲಿಲ್ಲ. ಎದುರಿಗೆ ದಂಡೆ ಒಂದು ಕಡೆ ತಗ್ಗಾಗಿತ್ತು. ತಗ್ಗಿನ ಮೇಲೆ ತೆಳುವಾಗಿ, ನೋಡಲು ಚೆಂದವಾಗಿ, ನೀರು ಹರಿಯುತ್ತಿತ್ತು.

ಹುಣ್ಣಿಮೆಯ ಮರುದಿನ ಅದು. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಹೆಚ್ಚು ಎಂಬುದು ಇಲ್ಲಿ ಬಲೆ ಹಾಕುವ ಎಲ್ಲರಿಗೂ ಗೊತ್ತು. ಮಾವನದು ಗದ್ದೆಯ ಕುಟುಂಬ, ಅವರು ಆಕಾಶ ನೋಡುವುದು ಮಳೆಗಾಗಿ ಮಾತ್ರ. ನಾನಾದರೋ ಭೌತಶಾಸ್ತ್ರದ ಬಿ.ಎಸ್ಸಿ. ಉಬ್ಬರ ಇಳಿತದ ಮೇಲಿನ ಹತ್ತು ಅಂಕದ ಪ್ರಶ್ನೆಗೆ ಒಂಬತ್ತು ತೆಗೆದವಳು. ಬಿಟ್ಟುಹೋದ ಒಂದು ಅಂಕ ಆ ದಿನ ನನ್ನನ್ನು ಹುಡುಕಿಕೊಂಡು ಬಂದಿತ್ತು.

ಮಾವ ಕಾರನ್ನು ನೀರಿಗೆ ಇಳಿಸಿದರು. ಎಡಬದಿಯ ಮುಂದಿನ ಗಾಲಿಯ ಕೆಳಗೆ ಮಣ್ಣು ಕುಸಿಯಿತು. ಕಾರು ಎಡಕ್ಕೆ ವಾಲಿ ನಿಂತಿತು. ನಾನು ಎಡಬದಿಯಲ್ಲಿ ಕೂತಿದ್ದೆ. ಕಿಟಕಿಯಿಂದ ನೋಡಿದರೆ ನೆಲವಿಲ್ಲ, ಕಂದು ಬಣ್ಣದ ಹೊಳೆ.

“ಯಾರೂ ಅಲುಗ್ಬೇಡಿ,” ಎಂದರು ಮಾವ, ತುಟಿಯನ್ನೂ ಅಲುಗಿಸದೆ.

ನಾನು ವಿದ್ಯೆಯನ್ನು ಉಪಯೋಗಿಸಿದೆ. ಭಾರದ ಕೇಂದ್ರ ಬಲಕ್ಕೆ ಹೋಗಬೇಕು. ಕಾರಿನೊಳಗೆ ಸುಲಭವಾಗಿ ಸರಿಸಬಹುದಾದ ಭಾರವೆಂದರೆ ಅತ್ತೆ.

“ಅತ್ತೆ, ಮೆಲ್ಲ ಬಲಕ್ಕೆ ಸರ್ದ್ ಕೂಕಣಿ.”

“ಎಷ್ಟ್?”

“ಆದಷ್ಟ್. ನಿಮ್ ತೂಕ ಎಲ್ಲ ಆ ಬದಿಗೆ ಬರ್ಕ್.”

“ಸಾಯು ಹೊತ್ತಂಗೂ ನನ್ ತೂಕದ್ದೇ ಮಾತಾ ನಿಮ್ಗೆ!” ಎಂದು ಅತ್ತೆ ದೀಪದ ಸಮೇತ ಸರಿದರು. ಕಾರು ಒಮ್ಮೆ ನರಳಿತು.

ನೀರು ಏರುತ್ತಿತ್ತು. ಬಾಗಿಲಿನ ಸಂದಿಯಿಂದ ಒಳಗೆ ಬಂದು ನನ್ನ ಚಪ್ಪಲಿಯನ್ನು ಮೆಲ್ಲನೆ ಎತ್ತಿತು. ಹೆದರಿದಾಗ ಮನುಷ್ಯ ದೇವರನ್ನು ನೆನೆಯುತ್ತಾನೆಂದು ಕೇಳಿದ್ದೆ. ಮಾವ ಬಾಡಿಗೆಯ ಕರಾರುಪತ್ರವನ್ನು ನೆನೆಯುತ್ತಿದ್ದರು. “ಸೈನ್ ಮಾಡಿದ್ ನಾನ್. ಗಾಡಿ ಬಿಟ್ಟ್ ಹೋಪುಕಾತಿಲ್ಲೆ,” ಎಂದು ಸ್ಟೀರಿಂಗಿಗೆ ಹೇಳುತ್ತಿದ್ದರು.

ಆಗ ಬಲಬದಿಯಿಂದ ಒಂದು ದನಿ: “ಹ್ವಾಯ್! ಕಾರಂಗೆ ಮೀನ್ ಹಿಡುಕ್ ಬಂದ್ರ್ಯಾ?”

ಸೀರೆ ಎತ್ತಿಕಟ್ಟಿ, ತಲೆಗೆ ಬೈರಾಸು ಸುತ್ತಿ, ಕಪ್ಪೆಚಿಪ್ಪಿನ ಬುಟ್ಟಿ ಹಿಡಿದು ನೀರಿನಲ್ಲಿ ನಿಂತಿದ್ದ ಹೆಂಗಸು. ಹೆಸರು ಗುಲಾಬಿಯಕ್ಕ ಎಂದು ಆಮೇಲೆ ತಿಳಿಯಿತು.

“ಸಾಲಿಗ್ರಾಮಕ್ಕೆ ಹೋಯ್ಕಿತ್ತ್,” ಎಂದರು ಮಾವ, ದಾರಿ ಕೇಳುವವರ ಹಾಗೆ.

“ಇಲ್ಲಂಗೆ ಹೋರೆ ಸಮುದ್ರ ಸಿಕ್ಕುದ್. ಹೈವೇಗೆ ಎಂತ ಆಯ್ತ್?”

“ಅಲ್ಲ್ ಟೋಲ್ ಇತ್ತಲೆ...” ಎಂದರು ಅತ್ತೆ ಹಿಂದಿನಿಂದ, ತೀರಾ ಸಣ್ಣ ದನಿಯಲ್ಲಿ.

ಗುಲಾಬಿಯಕ್ಕ ಕಾರನ್ನು ನೋಡಿದರು, ದೀಪವನ್ನು ನೋಡಿದರು, ಮತ್ತೆ ಕಾರನ್ನು ನೋಡಿದರು. ಹಾಗೆ ನೋಡಿಸಿಕೊಳ್ಳುವುದಕ್ಕಿಂತ ಎರಡು ಪಟ್ಟು ಟೋಲು ಎಷ್ಟೋ ಅಗ್ಗ. ಬಾಯಿಗೆ ಕೈ ಹಿಡಿದು ಅವರು ಒಮ್ಮೆ ಕೂಗಿದ್ದಕ್ಕೆ ದೋಣಿ ರಿಪೇರಿ ಮಾಡುತ್ತಿದ್ದ ನಾಲ್ವರು ಹಲಗೆ ಹೊತ್ತು ಬಂದರು. ಗಾಲಿಯ ಕೆಳಗೆ ಹಲಗೆ ತುರುಕಿದರು, ಹೆಗಲು ಕೊಟ್ಟು ಎತ್ತಿದರು. ಗುಲಾಬಿಯಕ್ಕ ಎದುರಿಗೆ ನೀರಿನಲ್ಲಿ ನಿಂತು, “ಅಣ್ಣಾ, ಹಿಂದ್ ಕಾಣ್ಬೇಡಿ. ನನ್ ಮೋರೆ ಕಾಣಿ. ನನ್ ಕೈ ಹೋದ್ ಬದಿಗ್ ತಿರ್ಗ್ಸಿ, ಸಾಕ್,” ಎಂದರು. ಮೂವತ್ತು ವರ್ಷ ಗಿರಾಕಿಗಳಿಗೂ ಅಡುಗೆಯವರಿಗೂ ಆಜ್ಞೆ ಕೊಟ್ಟ ಮಾವ, ಆ ಹೆಂಗಸಿನ ಮುಖವನ್ನೇ ನೋಡುತ್ತ, ದಂಡೆಯುದ್ದಕ್ಕೂ ಕಾರನ್ನು ಹಿಂದಕ್ಕೆ ತಂದರು. ಗಟ್ಟಿ ನೆಲ ಮುಟ್ಟಿದ ಮೇಲೆ ಕೆಳಗಿಳಿದು ನಾಲ್ಕೂ ಗಾಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

ಸಾಸ್ತಾನದಲ್ಲಿ ಎರಡು ಪಟ್ಟು ಕೊಟ್ಟು ದಾಟಿದೆವು. ರಸೀದಿ ಕೊಟ್ಟವನಿಗೆ ಮಾವ ಕೈ ಮುಗಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೈಂದೂರಿನಲ್ಲಿ ಕೊನೆಯ ಪಂಕ್ತಿಯ ಊಟ ಸಿಕ್ಕಿತು. ಪಾಯಸ ಬರುವ ಹೊತ್ತಿಗೆ ಮಾವ ಚೇತರಿಸಿಕೊಂಡು, “ಒಂದ್ ಶಾರ್ಟ್‌ಕಟ್ ಇತ್ತ್, ಸ್ವಲ್ಪ ರಿಪೇರಿ ಆಯ್ಕ್ ಅಷ್ಟೆ,” ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ನನಗೆ ಮಾತ್ರ ನಿದ್ದೆ ಬಾರದಾಯಿತು. ಕಣ್ಣು ಮುಚ್ಚಿದರೆ ಮಂಚ ಎಡಕ್ಕೆ ವಾಲುತ್ತಿತ್ತು. ಅಮ್ಮ ತಲೆಗೆ ಎಣ್ಣೆ ಹಾಕಿ ತಟ್ಟಿದರು. ಕಚೇರಿಯವರು “ದೇವರು ದೊಡ್ಡವನು” ಎಂದರು. ಪ್ರತಿಯೊಬ್ಬರ ಸಮಾಧಾನದಿಂದಲೂ ಹೊಳೆ ಒಂದೊಂದು ಅಡಿ ಆಳವಾಗುತ್ತಿತ್ತು. ಹತ್ತು ದಿನ ಹೀಗೇ ಕಳೆದು, ಹನ್ನೊಂದನೆಯ ದಿನ, ಭಾನುವಾರ, ಒಂದು ಪೊಟ್ಟಣ ಗೇರುಬೀಜ ಹಿಡಿದು ಸ್ಕೂಟರಿನಲ್ಲಿ ಗುಲಾಬಿಯಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಹತ್ತು ದಿನ ಯಾರನ್ನೂ ಕೇಳಲಾಗದೆ ಉಳಿದದ್ದನ್ನು ಕೇಳಿದೆ: ಆ ದಿನ ನಾವು ಸಾಯುತ್ತಿದ್ದೆವೇ?

ಅವರು ಕತ್ತಿ ಕೆಳಗಿಟ್ಟರು.

“ಎಡ್ಬದಿಗೆ ಮಗ್ಚಿರೆ ಸಾಯ್ತಿದ್ರಿ. ಅಲ್ಲ್ ಎರಡಾಳ್ ನೀರ್. ಬಲ್ಬದಿಗೆ ಎಷ್ಟಿತ್ತ್ ಗೊತ್ತಿತ್ತಾ? ಮೊಣಕಾಲ್. ನಾನ್ ಎಲ್ ನಿಂತ್ಕಂಡಿದ್ದೆ? ತೇಲ್ತಿದ್ನಾ? ಬಲ್ಬದಿ ಬಾಗ್ಲ್ ತೆಗ್ದ್ ಇಳ್ದ್ ನಡ್ಕಂಡ್ ಬರುಕ್ ನಿಮ್ಗೆ ಎಂತ ದಾಡಿ ಆಗಿತ್ತ್? ಯಾರದ್ದೋ ಕಾರ್ ಕಾಯ್ಕಂಡ್ ಮೂರ್ ಜನ ಕೂಕಂಡ್ ಸಾಯುಕ್ ಹೊರ್ಟಿದ್ರಿ! ಓದಿದ್ ಹೆಣ್ಣಲ್ದಾ ನೀನ್? ಎಂತ ಓದಿದ್?”

ಭೌತಶಾಸ್ತ್ರ ಎಂದು ಹೇಳುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡೆ. ಅವರು ಚಹಾ ಕುದಿಯುವವರೆಗೂ ಬೈದರು, ಸೋಸುವಾಗಲೂ ಬೈದರು, ಲೋಟ ಕೈಗಿಡುವಾಗ ಮತ್ತೊಮ್ಮೆ ಬೈದರು. ಹತ್ತು ದಿನಗಳಿಂದ ನನ್ನೊಳಗೆ ತಳವಿಲ್ಲದೆ ಹರಿಯುತ್ತಿದ್ದ ಹೊಳೆಗೆ ಒಂದು ಬದಿಯಲ್ಲಾದರೂ ನೆಲ ಸಿಕ್ಕಿತು. ಮನೆಗೆ ಬಂದು ಎಂಟೂವರೆಗೆ ಮಲಗಿದವಳನ್ನು ಸೋಮವಾರ ಬೆಳಿಗ್ಗೆ ಅಮ್ಮ ಮೂರು ಸಲ ಕರೆದು ಎಬ್ಬಿಸಬೇಕಾಯಿತು. ಎಣ್ಣೆಯ ಗುಣ ಎಂದುಕೊಂಡಿದ್ದಾರೆ ಅವರು.