ಅಣ್ಣನ ಎಡೆಗೆ ಹೊಗೆ ಬಾಟ್ಲಿ

ಮಹಾಲಯ ಅಮಾವಾಸ್ಯೆಗೆ ಇನ್ನು ಎಂಟು ದಿನ ಇತ್ತು. ಆ ಎಂಟು ದಿನದಲ್ಲಿ ನಾನು ಬೈಕಿನಲ್ಲಿ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಎಲ್ಲ ಸುತ್ತಿದೆ. ಕೇಳಿದವರಿಗೆ ಮೋಟಾರಿಗೆ ತಾಮ್ರದ ತಂತಿ ತರೋಕೆ ಅಂತ ಹೇಳಿದೆ. ಹುಡುಕುತ್ತಿದ್ದದ್ದು ಒಂದು ಬಾಟ್ಲಿ ಸಿಂಗಲ್ ಮಾಲ್ಟ್ ವಿಸ್ಕಿ. ಅಣ್ಣ ತೀರಿಕೊಂಡು ಏಳು ತಿಂಗಳಾಗಿತ್ತು. ಇದು ಅವನಿಗೆ ಇಡುವ ಮೊದಲನೇ ಎಡೆ.

ನಮ್ಮಲ್ಲಿ ಹಿರಿಯರ ಹಬ್ಬಕ್ಕೆ, ಹೋದವರು ಇಷ್ಟಪಡುತ್ತಿದ್ದದ್ದನ್ನು ಎಲೆಯ ಮೇಲೆ ಇಡುತ್ತೇವೆ. ಅಪ್ಪನಿಗೆ ಮುದ್ದೆ, ಮಟನ್ ಸಾರು, ಒಂದು ಕಟ್ಟು ಬೀಡಿ. ಕುರಿ ಕಾಯ್ದ ಮನುಷ್ಯ, ಅಷ್ಟು ಸಾಕಿತ್ತು. ಅಣ್ಣನಿಗೆ ಏನಿಡಬೇಕು ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಇದ್ದದ್ದು ನನಗೊಬ್ಬನಿಗೆ.

ಅಣ್ಣ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಂಪನಿಗೆ ಜೀಪು ಓಡಿಸುತ್ತಿದ್ದ. ನಮ್ಮ ಕಡೆ ಅವಕ್ಕೆ ಫ್ಯಾನು ಅಂತಲೇ ಹೆಸರು. ಒಂದು ವರ್ಷ ಸ್ಕಾಟ್‌ಲೆಂಡಿನ ಎಂಜಿನಿಯರ್ ಒಬ್ಬ ಬಂದಿದ್ದ. ಮೂರು ತಿಂಗಳು ಅಣ್ಣನ ಜೀಪಿನಲ್ಲೇ ಓಡಾಡಿದ. ಹೋಗುವಾಗ ಅರ್ಧ ಉಳಿದಿದ್ದ ಬಾಟ್ಲಿ ಕೊಟ್ಟು, ಇದನ್ನು ಕುಡಿಯುವುದು ಆಮೇಲೆ, ಮೊದಲು ಮೂಸಿ ನೋಡಬೇಕು ಅಂತ ಕೈಸನ್ನೆಯಲ್ಲಿ ಕಲಿಸಿ ಹೋದ. ಹನಿ ನೀರು ಹಾಕಬೇಕು, ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಬಾಯಿ ಕಿರಿದಾದ ಲೋಟ ಬೇಕು. ನಮ್ಮ ಹತ್ತಿರ ಇದ್ದದ್ದು ಟೀ ಲೋಟ.

ಅಲ್ಲಿಂದ ಶುರುವಾದ ಚಟ. ಚಟ ಅನ್ನಲೋ ಬೇಡವೋ ಗೊತ್ತಿಲ್ಲ. ಹೊಸದುರ್ಗದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಕಾಯಿಲ್ ಸುತ್ತುವ ಕೆಲಸ. ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಇಳಿಸಿ, ಎರಡು ಲೋಟ ಇಟ್ಟುಕೊಂಡು ಕೂರುತ್ತಿದ್ದೆವು. ಎರಡು ಬೆರಳು, ಅದಕ್ಕಿಂತ ಹೆಚ್ಚಿಲ್ಲ. ಒಂದು ಬಾಟ್ಲಿ ನಾಲ್ಕು ತಿಂಗಳು ಬರುತ್ತಿತ್ತು. ಬೋರಿನ ನೀರು ಉಪ್ಪು, ರುಚಿ ಕೊಲ್ಲುತ್ತೆ ಅಂತ ಅಣ್ಣ ಗುಡ್ಡದ ಬಂಡೆಯ ದೊಣೆಯಲ್ಲಿ ನಿಂತ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಬಾಟ್ಲಿಯಲ್ಲಿ ತರುತ್ತಿದ್ದ.

ಹತ್ತು ವರ್ಷದಲ್ಲಿ ಏಳೆಂಟು ತರದವು ನೋಡಿರಬಹುದು. ಸ್ಕಾಟ್‌ಲೆಂಡಿನ ಸ್ಪೇಸೈಡ್ ಕಡೆಯದೊಂದು, ಬರೀ ದೋರೆ ಸೀಬೆಹಣ್ಣು, ಹಸಿ ಹುಲ್ಲು. ಇನ್ನೊಂದು ಹೊಂಗೆ ಹೂವಿನ ಜೇನಿನ ಹಾಗೆ, ಆದರೆ ನುಂಗಿದ ಮೇಲೆ ಮೆಣಸು. ದ್ರಾಕ್ಷಿ ಮದ್ಯ ತುಂಬಿದ್ದ ಹಳೇ ಪೀಪಾಯಿಯಲ್ಲಿಟ್ಟು ಮಾಗಿಸಿದ್ದೊಂದು ಸಿಕ್ಕಿತ್ತು. ಮೂಸಿದರೆ ಹೋಳಿಗೆಯ ಹೂರಣ, ಒಣದ್ರಾಕ್ಷಿ, ಹಳೇ ಬೆಲ್ಲದ ಅಚ್ಚು. ಅದಕ್ಕೆ ಬೆಲ್ಲದ ಬಾಟ್ಲಿ ಅಂತ ಹೆಸರಿಟ್ಟೆವು. ಎಲ್ಲಕ್ಕಿಂತ ದೊಡ್ಡ ಜಗಳ ಐಲಾ ಅನ್ನುವ ದ್ವೀಪದ್ದರ ಮೇಲೆ. ಅದು ಹೊಗೆ ಬಾಟ್ಲಿ. ಅದರಲ್ಲಿ ಅಣ್ಣನಿಗೆ ಒದ್ದೆ ಕಂಬಳಿ ಸಿಗುತ್ತಿತ್ತು. ಮಳೆಯಲ್ಲಿ ನೆನೆದು ಬಂದ ಅಪ್ಪನ ಕಂಬಳಿಯನ್ನು ಒಲೆಯ ಪಕ್ಕ ಹರವಿದಾಗಿನ ವಾಸನೆ. ನನಗೆ ಸುಟ್ಟ ಕಾಯಿಲ್, ವಾರ್ನಿಶ್. ನಿನ್ನ ಮೂಗನ್ನೇ ಒಂದ್ಸಲ ರಿವೈಂಡ್ ಮಾಡ್ಸಬೇಕು ಕಣಲೇ ಅನ್ನುತ್ತಿದ್ದ.

ಅಲ್ಲಿ ಜೌಗಿನ ಮಣ್ಣು ಒಣಗಿಸಿ ಉರಿ ಹಾಕಿ ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ ಅಂತ ಎಂಜಿನಿಯರ್ ಹೇಳಿದ್ದ. ಅಣ್ಣ ಅದನ್ನೂ ಬಿಡಲಿಲ್ಲ. ಭರಮಸಾಗರದ ಕೆರೆಯಿಂದ ಒಂದು ಚೀಲ ಗೋಡುಮಣ್ಣು ತಂದು, ಉಂಡೆ ಕಟ್ಟಿ, ಮಾಳಿಗೆ ಮೇಲೆ ಹದಿನೈದು ದಿನ ಒಣಗಿಸಿ, ಒಲೆಗೆ ಹಾಕಿದ. ಉರಿಯಲಿಲ್ಲ. ಇದ್ದ ಬೆಂಕಿಯೂ ಆರಿತು. ಆವತ್ತು ಅತ್ತಿಗೆ ಇಬ್ಬರಿಗೂ ಊಟ ಬಡಿಸಲಿಲ್ಲ.

ಅವನನ್ನು ತೆಗೆದುಕೊಂಡು ಹೋದದ್ದು ಶ್ವಾಸಕೋಶದ ಸೋಂಕು. ಹನ್ನೊಂದು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿದ್ದ. ಮಣ್ಣಿಗೆ ಬಂದವರಲ್ಲಿ ಕೆಲವರು ಕುಡೀತಿದ್ನಂತಲ್ಲ ಅಂದರು. ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಬಿಟ್ಟದ್ದು ಅದೊಂದೇ ಅಲ್ಲ. ಎಂಟನೇ ದಿನ ನರ್ಸಮ್ಮ ಅವನ ತೋಳಿಗೆ ಕಂದು ಬಣ್ಣದ ಟಿಂಚರ್ ಸವರಿದಳು. ಅಣ್ಣ ಮೂಗಿನ ಮೇಲಿದ್ದ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿ, ಆ ಘಾಟು ಮೂಸಿ, ನನ್ನ ಕಡೆ ನೋಡಿದ.

"ಲೇ, ಹೊಗೆ ಬಾಟ್ಲಿ ಬಿಚ್ಚವ್ರೆ ನೋಡು. ನಿಂಗೇನನ್ನಿಸ್ತೈತೆ?"

ಮಾತಾಡಬೇಡ ಅಂತ ಮಾಸ್ಕು ಸರಿ ಮಾಡಿದೆ. ಅದಾದ ಮೇಲೆ ಅವನು ಮಾತಾಡಿದ್ದು ಅತ್ತಿಗೆ ಹತ್ತಿರ, ಅವ್ವನ ಹತ್ತಿರ. ನನ್ನ ಜೊತೆ ಅದೇ ಕೊನೆ.

ಅವನ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಂಗಡಿಯಲ್ಲಿ ಉಳಿದಿದ್ದ ಹೊಗೆ ಬಾಟ್ಲಿಯ ಬಿರಡೆ ತೆಗೆದೆ. ಕಂಬಳಿ ಇಲ್ಲ, ಕಾಯಿಲ್ ಇಲ್ಲ. ಬರೀ ಆ ವಾರ್ಡು. ಬಿರಡೆ ಮುಚ್ಚಿದೆ. ಅಲ್ಲಿಂದ ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೈಕ್ ಹತ್ತಿ ಎಲ್ಲಿಗಾದರೂ ಹೋಗುವುದು, ಹೋದ ಕಡೆ ಟೀ ಕುಡಿಯದೆ ವಾಪಸ್ ಬರುವುದು.

ಎಡೆಯ ಮಾತು ಬಂದಾಗ ಅವ್ವ ಒಂದೇ ಹೇಳಿದಳು: ಏನಿಟ್ಟರೂ ಮೀಸಲು ಇರಬೇಕು. ಮೀಸಲು ಅಂದರೆ ಯಾರೂ ರುಚಿ ನೋಡಿರಬಾರದು, ಮೂಸಿಯೂ ಇರಬಾರದು. ನಾವು ಕುಡಿದು ಉಳಿಸಿದ ಬಾಟ್ಲಿ ಆಗುವುದಿಲ್ಲ. ಆಗ ಅತ್ತಿಗೆ ಅಣ್ಣನ ಟ್ರಂಕ್ ತೆಗೆದು, ಅವನ ಸ್ವೆಟರಿನಲ್ಲಿ ಸುತ್ತಿಟ್ಟಿದ್ದ ಹೊಸ ಬಾಟ್ಲಿಯೊಂದನ್ನು ತೋರಿಸಿದರು. ಸೀಲು ಒಡೆದಿರಲಿಲ್ಲ. ಕಾಯಿಲೆಗೆ ಮುಂಚೆ ತಂದಿಟ್ಟಿದ್ದ. ಹೊಗೆಯದ್ದೇ.

ನಾನು ಬೇಡ ಅಂದೆ. ಅಣ್ಣನಿಗೆ ನಿಜವಾಗಿ ಇಷ್ಟ ಇದ್ದದ್ದು ಬೆಲ್ಲದ ಬಾಟ್ಲಿ, ಅದನ್ನೇ ತರುತ್ತೇನೆ ಅಂದೆ. ಸುಳ್ಳು. ಬೆಲ್ಲದ್ದನ್ನು ಅವನು ಬಾಣಂತಿ ಲೇಹ್ಯ ಅಂತ ಹಂಗಿಸುತ್ತಿದ್ದ. ಅತ್ತಿಗೆ ನನ್ನ ಮುಖ ನೋಡಿದರು, ಟ್ರಂಕ್ ಮುಚ್ಚಿದರು.

ಹೀಗೆ ಶುರುವಾಯಿತು ತಿರುಗಾಟ. ಹೊಸದುರ್ಗದ ಅಂಗಡಿಯವನು ಹೆಸರು ಎರಡು ಸಲ ಕೇಳಿ, ಅದ್ಯಾಕ್ರಿ, ಇದು ತಗಳ್ರಿ ಅಂತ ಕ್ವಾರ್ಟರ್ ಮುಂದಿಟ್ಟ. ಹೊಳಲ್ಕೆರೆಯಲ್ಲಿ ಇಲ್ಲ. ಇಲ್ಲ ಅಂತ ಗೊತ್ತಿದ್ದೂ ಮಾರನೇ ದಿನ ಮತ್ತೆ ಹೋಗಿ ಕೇಳಿದೆ. ಚಿತ್ರದುರ್ಗದ ಒಂದು ದೊಡ್ಡ ಅಂಗಡಿಯಲ್ಲಿ, ಮೇಲಿನ ಗಾಜಿನ ಕಪಾಟಿನಲ್ಲಿ, ಬೆಲ್ಲದ ಬಾಟ್ಲಿ ನಿಂತಿತ್ತು. ಇಳಿಸಿ ಕೈಗೆ ಕೊಟ್ಟರು. ಜೇಬಿನಲ್ಲಿ ದುಡ್ಡೂ ಇತ್ತು. ಹಿಡಿದುಕೊಂಡು ನಿಂತೆ, ತಿರುಗಿಸಿದೆ, ಬಾಣಂತಿ ಲೇಹ್ಯ ಅನ್ನುವ ಅವನ ದನಿ ಕೇಳಿದಂತಾಗಿ ವಾಪಸ್ ಕೊಟ್ಟೆ. ಅಲ್ಲಿಂದ ಮನೆಗೆ ಬರಬೇಕಾದವನು ಹೆದ್ದಾರಿ ಹಿಡಿದು ಹಿರಿಯೂರಿಗೆ ಹೋದೆ. ಅಲ್ಲಿ ಯಾವ ಅಂಗಡಿಯಲ್ಲೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ನಿಲ್ಲಿಸಿ, ಲಾರಿ ಸದ್ದು ಕೇಳುತ್ತಾ ನಿಂತು, ಬಂದ ದಾರಿಯಲ್ಲೇ ತಿರುಗಿದೆ. ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು.

ಸಿಗಲಿಲ್ಲ ಅಂತ ಅತ್ತಿಗೆಗೆ ಹೇಳಿದೆ.

"ಸಿಗ್ಲಿಲ್ಲ ಅಂದ್ರೆ ಬಿಡಪ್ಪ. ಟ್ರಂಕಲ್ಲಿರೋದು ಅವ್ರೇ ತಂದಿಟ್ಟಿದ್ದಲ್ವಾ," ಅಂದರು.

ಅಮಾವಾಸ್ಯೆ ಸಂಜೆ ಗೋಡೆಗೆ ಹೊಸ ಪಂಚೆ, ಹೊಸ ಅಂಗಿ ಒರಗಿಸಿ, ಎರಡು ಬಾಳೆಲೆ ಹಾಕಿದರು. ಒಂದು ಅಪ್ಪನದು, ಒಂದು ಅಣ್ಣನದು. ಸೀಲು ಒಡೆಯುವುದು ನನ್ನ ಪಾಲಿಗೆ ಬಂತು. ಉಸಿರು ಬಿಗಿಹಿಡಿದು, ಮುಖ ಆ ಕಡೆ ತಿರುಗಿಸಿ ಸುರಿದೆ. ಮೀಸಲು ಕೆಡಬಾರದು ಅಂತ ಎಷ್ಟು ಭಕ್ತಿ ನೋಡು ಅಂತ ಅವ್ವ ಸೊಸೆಗೆ ತೋರಿಸಿದಳು. ನನಗೆ ನಾಚಿಕೆಯಾಯಿತು. ಕೈ ರೂಢಿಯ ಮೇಲೆ ಎರಡು ಲೋಟಕ್ಕೆ ಸುರಿದಿತ್ತು. ಎರಡನೆಯದು ಯಾರಿಗೆ ಅಂತ ಅವ್ವ ಕೇಳಿದಳು. ಅಪ್ಪಂಗೆ ಅಂದೆ. ಅವರಿಗೆ ಇದೆಲ್ಲ ಎಲ್ಲಿ ಸೇರುತ್ತೆ ಅಂತ ಗೊಣಗಿದಳು, ತೆಗಿ ಅನ್ನಲಿಲ್ಲ.

ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಹತ್ತು ನಿಮಿಷ ಕೂರಬೇಕು. ನಾನು ಕೂತೆ, ಎದ್ದೆ, ಬೈಕಿನ ಕೀಲಿ ಜೇಬಿನಲ್ಲಿದೆಯಾ ನೋಡಿಕೊಂಡೆ, ಬೀದಿಯ ತುದಿಯವರೆಗೆ ಹೋಗಿ ಬಂದೆ. ಅವ್ವ ಬಾಗಿಲನ್ನು ಮೂರು ಸಲ ತಟ್ಟಿ ತೆರೆದಳು. ಸಾಂಬ್ರಾಣಿಯ ಜೊತೆ ಅದೂ ಮೂಗಿಗೆ ಬಂತು. ಆಸ್ಪತ್ರೆ.

ಎಡೆಯ ಅನ್ನ ಸಾರು ಎಲ್ಲರೂ ಹಂಚಿಕೊಂಡರು. ಲೋಟಗಳನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಅತ್ತಿಗೆ ಅಣ್ಣನ ಲೋಟ ಎತ್ತಿಕೊಂಡು ಅಂಗಡಿಗೆ ಬಂದರು. ನಾನು ಷಟರ್ ಪಕ್ಕ ನಿಂತಿದ್ದೆ. ಹನಿ ಮುಟ್ಟಿದವರಲ್ಲ ಅವರು. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಅಣ್ಣ ಮಾಡುತ್ತಿದ್ದ ಹಾಗೇ, ಎರಡು ಸಲ ಮೂಸಿದರು.

"ಕಂಬಳಿನೂ ಅಲ್ಲ, ಸುಟ್ಟ ಮೋಟ್ರೂ ಅಲ್ಲ. ಹತ್ತು ವರ್ಷ ಸುಮ್ನೆ ಕಚ್ಚಾಡಿದ್ರಿ," ಅಂದರು. "ಬಾಣಂತಿ ಕೋಣೆ ಇದು. ಓಮಿನಕಾಳು ಕೆಂಡಕ್ಕೆ ಹಾಕಿ ಹೊಗೆ ಹಿಡಿತಾರಲ್ಲ, ಅದೇ."

ಅಡುಗೆಮನೆಯ ಗೋಡೆಯ ಆ ಕಡೆಯಿಂದ ಪ್ರತಿ ಭಾನುವಾರ ಎಲ್ಲ ಕೇಳಿಸಿಕೊಂಡಿದ್ದಾರೆ ಅನ್ನುವುದು ನನಗೆ ಆಗ ಹೊಳೆಯಿತು. ಲೋಟವನ್ನು ನನ್ನ ಕೈಗೆ ಕೊಟ್ಟರು.

"ನಿಂಗೇನನ್ನಿಸ್ತೈತೆ?"

ಮೂಸಿದೆ. ಮೂಸದೆ ಗತಿ ಇರಲಿಲ್ಲ. "ಆಸ್ಪತ್ರೆ, ಅತ್ತಿಗೆ," ಅಂದೆ. ಅಣ್ಣ ಕೇಳಿದ್ದಕ್ಕೆ ಏಳು ತಿಂಗಳ ಮೇಲೆ ಕೊಟ್ಟ ಉತ್ತರ.

ಅವರು ಕಣ್ಣು ಒರೆಸಿಕೊಂಡು, "ಅದೂ ಐತೆ," ಅಂದರು. "ನೀರು ಹಾಕಿ ನೋಡು."

ದೊಣೆ ನೀರು ತರುವವರು ಯಾರೂ ಇಲ್ಲ. ಕೊಡದಿಂದ ಒಂದು ಚಮಚ ಬೋರಿನ ನೀರನ್ನೇ ಹಾಕಿದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಬಿಡಬೇಕು. ಅತ್ತಿಗೆ ಅಣ್ಣನ ಸ್ಟೂಲಿನ ಮೇಲೆ ಕೂತರು. ನಾನು ಜೇಬಿನ ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನ ಜಾಗದಲ್ಲಿ ಕೂತೆ. ಲೋಟ ನಮ್ಮಿಬ್ಬರ ನಡುವೆ ಇತ್ತು. ಅಷ್ಟು ಹೊತ್ತೂ ನಾನು ಎದ್ದು ಹೋಗಲಿಲ್ಲ.