ಹಿಂದೆ ಇದ್ದವರಿಗೆ ಕಾಣುವ ದೀಪ

ನನ್ನ ಹತ್ತೊಂಬತ್ತು ವರ್ಷದ ಪಿಕಪ್ ಗಾಡಿಯ ಒಂದೊಂದು ಬೋಲ್ಟಿನ ಪರಿಚಯವೂ ನನಗಿದೆ ಎಂದು ನಾನು ಆಗಾಗ ಜಂಬ ಕೊಚ್ಚಿಕೊಳ್ಳುವುದುಂಟು. ಆದರೆ ಅದರ ಬ್ರೇಕ್ ಲೈಟ್ ಹೊತ್ತಿದ್ದನ್ನು ನಾನು ಕಣ್ಣಾರೆ ಕಂಡದ್ದು ತೀರ ಕಡಿಮೆ. ನೀವೂ ಗಾಡಿ ಇಟ್ಟುಕೊಂಡವರಾದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಹೆಡ್‌ಲೈಟು ನಮಗೆ ದಾರಿ ತೋರಿಸುತ್ತದೆ. ಇಂಡಿಕೇಟರು ಟಿಕ್ ಟಿಕ್ ಎಂದು ಒಳಗೂ ವರದಿ ಒಪ್ಪಿಸುತ್ತದೆ. ಬ್ರೇಕ್ ಲೈಟ್ ಮಾತ್ರ ನಮ್ಮದೇ ಬ್ಯಾಟರಿ ತಿಂದು, ನಮ್ಮ ಬೆನ್ನ ಹಿಂದೆ, ಬೇರೆಯವರಿಗಾಗಿ ಉರಿಯುತ್ತದೆ. ಅದು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಹಿಂದೆ ಒಬ್ಬರು ಇರಬೇಕು. ನನ್ನ ಹಿಂದೆ ಇರುವವಳು ನನ್ನ ಹೆಂಡತಿ ಸುಮಿತ್ರಾ.

ಇದು ಅಲಂಕಾರದ ಮಾತಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನಾನು ಅಣ್ಣನ ದೋಣಿಯ ಮೀನನ್ನು ಶರಾವತಿಯ ಈಚೆ ದಡದ ನಮ್ಮೂರು ಕಾಸರಕೋಡಿನಿಂದ ಕುಮಟೆಯ ಪೇಟೆಗೆ ಒಯ್ಯುವ ಕೆಲಸ ಹಿಡಿದೆ. ಸುಮಿತ್ರಾಗೆ ಹೊನ್ನಾವರದ ಅಂಚೆ ಕಚೇರಿಯಲ್ಲಿ ಇನ್ನೂ ಎರಡು ವರ್ಷ ಸರ್ವಿಸ್ ಇದೆ. ಇಬ್ಬರೂ ಬೆಳಿಗ್ಗೆ ಒಟ್ಟಿಗೇ ಹೊರಡುತ್ತೇವೆ, ನಾನು ಪಿಕಪ್ಪಿನಲ್ಲಿ, ಅವಳು ಸ್ಕೂಟರಿನಲ್ಲಿ. ಶರಾವತಿ ಸೇತುವೆಯ ಮೇಲೆ ಕಡಲ ಗಾಳಿ ಸ್ಕೂಟರನ್ನು ಅಲ್ಲಾಡಿಸಿಬಿಡುತ್ತದೆ. ಅದಕ್ಕೇ ಅವಳು ನನ್ನ ಗಾಡಿಯ ಮರೆಯಲ್ಲಿ, ಐಸಿನ ನೀರು ಮುಖಕ್ಕೆ ಸಿಡಿಯದಷ್ಟು ಮಾತ್ರ ಅಂತರ ಬಿಟ್ಟು ಬರುತ್ತಾಳೆ. ಮೀನಿನ ವಾಸನೆ ಅವಳಿಗೆ ಲೆಕ್ಕಕ್ಕಿಲ್ಲ, ಅದರಲ್ಲೇ ಹುಟ್ಟಿ ಬೆಳೆದವಳು.

ಮಳೆಗಾಲದ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೇಲಿನ ಒಂದು ಬೆಳಿಗ್ಗೆ, ಸೇತುವೆಯ ತುದಿಯಲ್ಲಿ ದನವೊಂದು ಅಡ್ಡ ಬಂತು. ನಾನು ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಹಿಂದಿನಿಂದ ಧಡ್ ಎಂಬ ಸದ್ದು ಬಂತು. ಇಳಿದು ಓಡಿ ನೋಡಿದರೆ ಸ್ಕೂಟರ್ ಮಲಗಿದೆ, ಸುಮಿತ್ರಾ ರಸ್ತೆಯಲ್ಲಿ ಕೂತಿದ್ದಾಳೆ.

"ಎಂತ ಆತು?" ಎಂದೆ.

"ಎಂತಾ ಇಲ್ಲ, ಮೊಣಕಾಲು ತರಚಿತು. ನೀವು ಬ್ರೇಕ್ ಹಾಕಿದ್ದು ಗೊತ್ತೇ ಆಗ್ಲಿಲ್ಲ. ಹಿಂದೆ ಲೈಟೇ ಬರ್ಲಿಲ್ಲ ಮಾರಾಯ್ರೆ."

ಲೈಟು ಬಾರದೆ ಎಷ್ಟು ದಿನವಾಯಿತು ಎಂದು ವಿಚಾರಿಸಿದೆ. ಎಂಟು ಹತ್ತು ದಿನದಿಂದ ಅವಳು ಕೆಂಪು ಬೆಳಕು ಕಂಡಿರಲಿಲ್ಲವಂತೆ.

"ಮತ್ತೆ ಹೇಳಬಾರದಾಗಿತ್ತಾ?"

"ಇವರೀಗ ಬ್ರೇಕೇ ಹಾಕೂದಿಲ್ಲ, ನಿಧಾನಕ್ಕೆ ಹೋಗೂಕೆ ಕಲಿತರು ಅಂತ ಮಾಡಿದ್ದೆ."

ನನ್ನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಅವಳು ಇಟ್ಟುಕೊಂಡದ್ದು ಅಪರೂಪ. ಅದಕ್ಕೆ ಅವಳು ಮೊಣಕಾಲಿನ ಚರ್ಮ ತೆರಬೇಕಾಯಿತು. ಆ ಹೊತ್ತಿಗೆ ಅವಳ ಹಿಂದಿನಿಂದ ಲಾರಿಯೊಂದು ಬಂದಿದ್ದರೆ ಎಂಬ ಯೋಚನೆ ಆ ದಿನವೆಲ್ಲ ನನ್ನನ್ನು ಬಿಡಲಿಲ್ಲ. ದೀಪ ಸರಿಯಾಗುವವರೆಗೆ ನನ್ನ ಹಿಂದೆ ಬರಬೇಡ ಎಂದೆ. ಅವಳು ಬಸ್ಸಿನಲ್ಲಿ ಹೋಗತೊಡಗಿದಳು.

ಇನ್ನು ರಿಪೇರಿ. ಮೂವತ್ತು ವರ್ಷ ಬೋರ್ಡಿನ ಮೇಲೆ ಬ್ಯಾಟರಿ, ಬಲ್ಬು, ಸ್ವಿಚ್ಚು ಬರೆದವನಿಗೆ ಇದು ಯಾವ ದೊಡ್ಡ ಕೆಲಸ? ಬಲ್ಬು ಬದಲಿಸಿದೆ. ಫ್ಯೂಸ್ ಬದಲಿಸಿದೆ. ಹೋಲ್ಡರಿನ ಕಿಲುಬನ್ನು ಮರಳು ಕಾಗದದಿಂದ ಉಜ್ಜಿದೆ. ಪೆಡಲಿನ ಬುಡದಲ್ಲಿರುವ ಸ್ವಿಚ್ಚನ್ನೂ ಹೊಸದು ಹಾಕಿದೆ. ಪ್ರತಿಸಲವೂ ನಾನು ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದು, ಸುಮಿತ್ರಾ ಹಿಂದೆ ನಿಲ್ಲುವುದು.

"ಹೊತ್ತಿತಾ?"

"ಇಲ್ಲ."

"ಈಗ?"

"ಇಲ್ಲ. ಆದ್ರೆ ಆ ಹಳದಿದು ಸಣ್ಣಕೆ ಮಿಣಕ್ ಅಂದ ಹಾಗೆ ಆತು."

ಹಳದಿಯದು ಎಂದರೆ ಇಂಡಿಕೇಟರು. ಬ್ರೇಕ್ ಒತ್ತಿದರೆ ಇಂಡಿಕೇಟರು ಯಾಕೆ ಮಿಣುಕಬೇಕು? ಅದರ ದಾರಿ ಬೇರೆ, ಇದರ ದಾರಿ ಬೇರೆ. ಬಿಸಿಲು ಗಾಜಿಗೆ ಬಡಿದು ಹಾಗೆ ಕಂಡಿರಬೇಕು ಎಂದು ನಾನು ತರಗತಿಯ ದನಿಯಲ್ಲೇ ವಿವರಿಸಿದೆ. ಅವಳು ಮರುದಿನವೂ ಅದನ್ನೇ ಹೇಳಿದಳು. ನಾನು ಬಿಸಿಲಿನ ಪಾಠವನ್ನು ಇನ್ನೊಮ್ಮೆ ಮಾಡಿದೆ. ಮೂರನೆಯ ದಿನ ಅವಳು ಹಿಂದೆ ನಿಲ್ಲುವ ಬದಲು ಬಟ್ಟೆ ಒಗೆಯಲು ಹೋದಳು. ಹಿಂದೆ ನೋಡುವವರಿಲ್ಲದೆ ನಾನು ಬಿದಿರಿನ ತುಂಡೊಂದನ್ನು ಪೆಡಲಿಗೂ ಸೀಟಿಗೂ ನಡುವೆ ಸಿಕ್ಕಿಸಿ, ಗಾಡಿಯ ಸುತ್ತ ನಾನೇ ಓಡಿ ನೋಡಿದೆ. ನಾನು ಹಿಂದೆ ತಲುಪುವಷ್ಟರಲ್ಲಿ ಬಿದಿರು ಜಾರಿ ಬಿದ್ದಿರುತ್ತಿತ್ತು.

ಕೊನೆಗೆ ಸೋತು, ಭಟ್ಕಳಕ್ಕೆ ಐಸಿನ ಪೆಟ್ಟಿಗೆ ತರಲು ಹೋದವನು ಅಲ್ಲಿ ಹೆದ್ದಾರಿ ಬದಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಮುಂದೆ ಗಾಡಿ ನಿಲ್ಲಿಸಿದೆ. ಬಿಳಿ ಗಡ್ಡದ ಹಿರಿಯರು, ಎಲ್ಲರೂ ಭಾಯಿ ಎಂದೇ ಕರೆಯುತ್ತಾರೆ, ನನ್ನ ಪರಿಚಯವೂ ಅವರಿಗಿದೆ. ನಾನು ಬದಲಿಸಿದ ಸಾಮಾನುಗಳ ಪಟ್ಟಿ ಒಪ್ಪಿಸತೊಡಗಿದೆ. ಭಾಯಿ ಕೈ ತೋರಿಸಿ ನಿಲ್ಲಿಸಿದರು.

"ಅದು ಇರಲಿ ಮಾಸ್ತರೇ. ಬ್ರೇಕ್ ಒತ್ತಿ."

ಒತ್ತಿದೆ. ಹಿಂದಿನಿಂದ ಅವರ ದನಿ ಬಂತು: "ಹಳದಿ ಮಿಣಕ್ ಅಂತದೆ ನೋಡಿ. ಮನೇಲಿ ಯಾರೂ ಹೇಳ್ಲಿಲ್ವಾ?"

ನಾನು ಕಾಲೆತ್ತದೆ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದೆ.

ಭಾಯಿ ಉದ್ದನೆಯ ವೈರೊಂದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಹಿಂದಿನ ದೀಪದ ತಗಡಿಗೂ ತಾಗಿಸಿದರು. ದೀಪ ಹೊತ್ತಿದ್ದು, ಹಿಂದಿದ್ದ ಅಂಗಡಿ ಗೋಡೆಯ ಮೇಲೆ ಬಿದ್ದ ಕೆಂಪನ್ನು ಕನ್ನಡಿಯಲ್ಲಿ ನೋಡಿ ನನಗೂ ಗೊತ್ತಾಯಿತು. ಬಲ್ಬಿಗೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ವಾಪಸ್ಸು ಬರಬೇಕು. ಆ ದಾರಿ ಮುಚ್ಚಿಹೋಗಿತ್ತು. ಮನೆಗೆ ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಇಂಡಿಕೇಟರಿನ ಅಂಗಳ ಹಾದು ಕಳ್ಳದಾರಿಯಲ್ಲಿ ಹೊರಟಿತ್ತು, ಅದಕ್ಕೇ ಹಳದಿ ಮಿಣುಕು. ದಾರಿ ಮುಚ್ಚಿದವರು ಯಾರು? ಭಾಯಿ ದೀಪದ ಹಿಂದಿನ ಬೋಲ್ಟ್ ಬಿಚ್ಚಿ ತೋರಿಸಿದರು. ಅದರ ಕೆಳಗೆ ಹೊಳೆಹೊಳೆಯುವ ದಪ್ಪ ನೀಲಿ ಬಣ್ಣ.

"ಇದು ದೋಣಿ ಬಣ್ಣ ಅಲ್ವಾ ಮಾಸ್ತರೇ? ಗಾಡಿಗೆ ಯಾರು ಹೊಡೆದದ್ದು?"

ಯಾರು ಎಂದರೆ ನಾನೇ. ನಮ್ಮ ಕಡೆ ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ಬಣ್ಣ ಬಳಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಯಾರೂ ಚೆಲ್ಲುವುದಿಲ್ಲ. ನಮ್ಮ ಮನೆಯ ಕಿಟಕಿ ನೀಲಿ, ಬಾವಿಯ ಗಡಗಡೆ ನೀಲಿ, ಕೋಳಿಗೂಡು ನೀಲಿ. ಬಣ್ಣ ತಾಗಿದ್ದು ಉಪ್ಪಿಗೆ ಹೆದರಬೇಕಿಲ್ಲ ಎಂಬುದು ನಮ್ಮ ಕೇರಿಯ ನಂಬಿಕೆ. ಈ ವರ್ಷ ಉಳಿದ ಬಣ್ಣವನ್ನು ನಾನು ಗಾಡಿಯ ಅಡಿಗೆ, ದೀಪಗಳನ್ನೂ ಬಿಚ್ಚಿ, ಒಂದು ಸಂದಿಯನ್ನೂ ಬಿಡದೆ ಎರಡು ಕೋಟು ಬಳಿದಿದ್ದೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲವೆಂದು ಎಂಟನೆಯ ತರಗತಿಗೆ ಹೇಳಿಕೊಟ್ಟವನೂ ನಾನೇ. ಸರ್ಕ್ಯೂಟಿನ ಚಿತ್ರದಲ್ಲಿ ಬ್ಯಾಟರಿಗೆ ವಾಪಸ್ಸು ಬರುವ ಗೆರೆ ಬರೆಯಲು ಮರೆತ ಮಕ್ಕಳ ಅರ್ಧ ಅಂಕ ಕತ್ತರಿಸಿದವನೂ ನಾನೇ. ಆ ಅರ್ಧ ಅಂಕಗಳೆಲ್ಲ ಆ ದಿನ ಒಟ್ಟಾಗಿ ಬಂದು ನನ್ನನ್ನು ನೋಡಿ ನಕ್ಕಂತಾಯಿತು.

ಭಾಯಿ ಎಂಟಾಣೆ ನಾಣ್ಯದಷ್ಟು ಜಾಗದ ಬಣ್ಣ ಕೆರೆದು, ಬರಿಗಬ್ಬಿಣ ಕಾಣುವಂತೆ ಮಾಡಿ ಬೋಲ್ಟ್ ಬಿಗಿದರು, ಮೇಲೊಂದಿಷ್ಟು ಗ್ರೀಸು ಸವರಿದರು. ಐದು ನಿಮಿಷದ ಕೆಲಸ. "ಇಷ್ಟು ಜಾಗಕ್ಕೆ ಮಾತ್ರ ಬಣ್ಣ ಹಾಕಬೇಡಿ. ತುಕ್ಕು ಬಂದ್ರೆ ಕೆರೀರಿ" ಎಂದರು.

ಮನೆಗೆ ಬಂದು ಸುಮಿತ್ರಾಳನ್ನು ಕರೆದು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ.

"ಹೊತ್ತಿತು!" ಎಂದಳು.

"ನೀನು ಹೇಳಿದ ಹಳದಿ ಸರಿ ಇತ್ತು. ನಾನು ಕೇಳದ್ದು ತಪ್ಪಾತು" ಎಂದೆ. ಈ ವಾಕ್ಯಕ್ಕಾಗಿ ಭಟ್ಕಳದಿಂದ ಕಾಸರಕೋಡಿನವರೆಗೆ ತಯಾರಿ ನಡೆಸಿದ್ದೆ.

"ಆತು. ಬಣ್ಣದ ಡಬ್ಬಿ ಇನ್ನು ನಾನೇ ಇಟ್ಕಳ್ತೆ" ಎಂದಳು.

ಈಗ ಸ್ಕೂಟರು ಮತ್ತೆ ನನ್ನ ಹಿಂದೆ ಬರುತ್ತಿದೆ, ಅಂತರ ಮೊದಲಿಗಿಂತ ತುಸು ಹೆಚ್ಚು. ಸೇತುವೆ ಹತ್ತುವ ಮುಂಚೆ ನಾನೊಮ್ಮೆ ಬ್ರೇಕ್ ಒತ್ತುತ್ತೇನೆ. ದೀಪ ಕಂಡರೆ ಅವಳು ಒಂದು ಸಲ ಹಾರ್ನ್ ಹೊಡೆಯುತ್ತಾಳೆ. ಅದು ಕೇಳಿದ ಮೇಲೆಯೇ ನಾನು ಮುಂದೆ ಹೋಗುವುದು.

ಮೊನ್ನೆ ಸೇತುವೆಯ ಹತ್ತಿರ ಎಂದಿನಂತೆ ಬ್ರೇಕ್ ಒತ್ತಿದೆ. ಹಾರ್ನ್ ಇಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಗಾಡಿಯನ್ನು ಬದಿಗೆ ಹಾಕಿ ಇಳಿದು ಹಿಂದೆ ಓಡಿದೆ. ದೀಪ ಹೊತ್ತಿರಲಿಲ್ಲ. ಹೇಗೆ ಹೊತ್ತೀತು, ಬ್ರೇಕಿನ ಮೇಲಿರಬೇಕಾದ ಕಾಲು ನನ್ನ ಜೊತೆ ಇಳಿದು ಬಂದಿತ್ತು. ಹಿಂದೆ ಸ್ಕೂಟರೂ ಇಲ್ಲ. ಅದಾದ ಮೇಲೆ ನೆನಪಾಯಿತು, ಆ ದಿನ ಅವಳಿಗೆ ರಜೆ, ಮನೆಯಲ್ಲೇ ಇದ್ದಳು. ಅಲ್ಲೇ ನಿಂತು ಫೋನ್ ಮಾಡಿದೆ.

"ಎಂತ ಆತು? ಗಾಡಿ ಮತ್ತೆ ಹಾಳಾತಾ?" ಎಂದಳು.

"ಗಾಡಿಗೆ ಎಂತಾ ಆಗ್ಲಿಲ್ಲ" ಎಂದೆ. "ಹಿಂದೆ ನೀನಿಲ್ಲ, ಅಷ್ಟೇ."

ಆ ಕಡೆ ಅವಳು ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ಕೇಳಿತು. ಆಮೇಲೆ, ಅಂಗಳದಲ್ಲಿ ನಿಂತಿದ್ದ ಸ್ಕೂಟರಿನ ಹಾರ್ನ್ ಫೋನಿನಲ್ಲಿ ಒಂದು ಸಲ ಕೇಳಿಸಿತು. ನಾನು ಗಾಡಿ ಹತ್ತಿ ಸೇತುವೆಯ ಮೇಲೆ ಹೊರಟೆ.