ವೈರ್ ಮೇಷ್ಟ್ರು ಎಡ ಬಲ ಬದಲಿಸಿದ್ದು

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ರೇಡಿಯೊ, ಸ್ಪೀಕರು ಮಾರುವ ಆ ಇಕ್ಕಟ್ಟಾದ ಬೀದಿಯಲ್ಲಿ ಎಲ್ಲರೂ ಅವರನ್ನು ವೈರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರ ಅಂಗಡಿಗೆ ಕಾಲಿಟ್ಟವನು ಪಾಠ ಹೇಳಿಸಿಕೊಳ್ಳದೆ ಹೊರಗೆ ಬಂದದ್ದೇ ಇಲ್ಲ. ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಗೋಡೆಗಳಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳು, ಕೊಳವೆಗಳ ತುಂಬ ವೈರಿನ ಸುರುಳಿಗಳು. ಬೇಕಾದ ಸುರುಳಿಯ ತುದಿ ಹಿಡಿದೆಳೆದರೆ ಅದು ಗರಗರನೆ ತಿರುಗುತ್ತ ಬಿಚ್ಚಿಕೊಳ್ಳುತ್ತಿತ್ತು. ಮೇಜಿನ ಅಂಚಿಗೆ ಹಿತ್ತಾಳೆಯ ಅಳತೆಪಟ್ಟಿ ಬಡಿದಿತ್ತು. ಕತ್ತರಿಸುವ ಇಕ್ಕಳ ಮೇಷ್ಟ್ರ ಜೇಬಿನಲ್ಲೇ ಇರುತ್ತಿತ್ತು.

“ಸ್ಪೀಕರಿಗೆ ಒಳ್ಳೇ ವೈರ್ ಕೊಡಿ” ಎಂದು ಬಂದವನಿಗೆ ಮೊದಲು ಸಿಗುತ್ತಿದ್ದುದು ಸ್ಟೂಲು, ಆಮೇಲೆ ಪ್ರಶ್ನೆ.

“ಆಂಪ್ಲಿಫೈಯರಿಂದ ಸ್ಪೀಕರ್ ಪೆಟ್ಟಿಗೆಗೆ ಎಷ್ಟು ದೂರ? ನೇರ ದೂರ ಬೇಡ. ಗೋಡೆ ಬುಡ ಹಿಡ್ಕೊಂಡು, ಬಾಗಿಲು ಸುತ್ತಿ ಹೋದ್ರೆ ಎಷ್ಟು?”

ಗಿರಾಕಿ ತಲೆ ಕೆರೆದುಕೊಳ್ಳುತ್ತಿದ್ದ. ಮೇಷ್ಟ್ರು ಅವನನ್ನು ಮನೆಗೆ ವಾಪಸು ಕಳಿಸಿ ಅಳತೆ ತರಿಸುತ್ತಿದ್ದರು. ಹತ್ತಿರವಾದರೆ ತೆಳ್ಳಗಿನ ವೈರು ಸಾಕು, ದೂರ ಹೋದಷ್ಟೂ ದಪ್ಪ ಬೇಕು. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಕೆರೆದ ಕಡೆಯೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗಾದರೆ ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಂ. ಎಡಕ್ಕೂ ಬಲಕ್ಕೂ ಒಂದೇ ಉದ್ದದ ತುಂಡು. ಇಷ್ಟು ಹೇಳಿ ಮುಗಿಸುವುದರೊಳಗೆ ಹೊರಗೆ ಇನ್ನಿಬ್ಬರು ಕಾಯುತ್ತಿರುತ್ತಿದ್ದರು. ಹಾವಿನಷ್ಟು ದಪ್ಪದ, ಬಟ್ಟೆ ಹೆಣೆದ, ಚಿನ್ನದ ನೀರು ಕುಡಿಸಿದ ತುದಿಯ ಕೇಬಲ್ಲುಗಳೂ ಅಂಗಡಿಯಲ್ಲಿದ್ದವು. ಅವನ್ನು ಯಾರಾದರೂ ಮುಟ್ಟಿದರೆ ಮೇಷ್ಟ್ರು ಮೂಗು ಮುರಿಯುತ್ತಿದ್ದರು.

“ಅದು ನೋಡೋಕೆ, ಕೇಳೋಕಲ್ಲ” ಎನ್ನುತ್ತಿದ್ದರು. ಇಂಥ ವ್ಯಾಪಾರಿ ಉದ್ಧಾರವಾದನೇ ಎಂದು ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಅವರ ಭಾವಮೈದುನ ನಗುತ್ತಿದ್ದ.

ಆದರೆ ಮೇಷ್ಟ್ರ ನಿಜವಾದ ವಿದ್ಯೆ ಬೇರೆಯೇ ಇತ್ತು. ಒಂದು ಕಡೆಯ ಪೆಟ್ಟಿಗೆ ಮಂಕಾಗಿದೆ ಎಂದು ಯಾರಾದರೂ ಗೋಳು ತೋಡಿಕೊಂಡರೆ ಅವರು ಸ್ಕ್ರೂಡ್ರೈವರನ್ನೇ ಮುಟ್ಟುತ್ತಿರಲಿಲ್ಲ.

“ತಪ್ಪು ಎಲ್ಲಿದೆ ಅಂತ ತಲೆ ಕೆಡಿಸ್ಕೋಬೇಡಿ. ಎಡದ್ದನ್ನ ಬಲಕ್ಕೆ ಹಾಕಿ, ಬಲದ್ದನ್ನ ಎಡಕ್ಕೆ. ಒಂದೊಂದೇ ಸಾಮಾನು ಬದಲಿಸ್ತಾ ಹೋಗಿ. ಯಾವುದನ್ನ ಬದಲಿಸಿದಾಗ ತಪ್ಪೂ ಆ ಕಡೆಯಿಂದ ಈ ಕಡೆಗೆ ಹೋಗುತ್ತೋ, ಕಳ್ಳ ಅದೇ. ತಪ್ಪು ಇದ್ದಲ್ಲೇ ಇದ್ರೆ ಆ ಸಾಮಾನು ಪಾಪದ್ದು, ಅದನ್ನ ಬಿಟ್ಟು ಮುಂದಿನದು ಹಿಡೀರಿ.”

ಈ ವಿದ್ಯೆ ಅವರ ಕೈಬಿಟ್ಟದ್ದೇ ಇಲ್ಲ. ಬೀದಿಯಲ್ಲಿ ಜಗಳವಾದರೂ ಇಬ್ಬರ ಜಾಗ ಬದಲಿಸಿ ನೋಡೋಣ ಎನ್ನುವಷ್ಟು ಅವರಿಗೆ ಅದರ ಹುಚ್ಚಿತ್ತು.

ಮೇಷ್ಟ್ರ ಹೆಂಡತಿಯನ್ನು ಬೀದಿಯವರು ಟೇಲರಮ್ಮ ಎನ್ನುತ್ತಿದ್ದರು. ಮನೆಯಲ್ಲೇ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಹಿಂದೊಮ್ಮೆ ಯಂತ್ರದ ದೀಪಕ್ಕೆ ವೈರು ಬೇಕೆಂದು ಅಂಗಡಿಗೆ ಬಂದ ಹುಡುಗಿ ಅವರು. ಮೇಷ್ಟ್ರ ಪಾಠವನ್ನು ಕೊನೆಯವರೆಗೂ ಕೇಳಿ, ಮೇಲೆ ಎರಡು ಪ್ರಶ್ನೆಯನ್ನೂ ಕೇಳಿದ ಮೊದಲ ಗಿರಾಕಿ. ಅಂಥವಳನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಮೇಷ್ಟ್ರಿಗೆ ಅಂದೇ ಹೊಳೆದಿತ್ತು.

ಇಬ್ಬರಿಗೂ ದಿನದಲ್ಲಿ ಒಂದು ಹೊತ್ತು ಮೀಸಲು. ಸಂಜೆ ಅಂಗಡಿಯ ಬಾಗಿಲೆಳೆದು ಮೇಷ್ಟ್ರು ಬಂದ ಮೇಲೆ, ಊಟಕ್ಕೆ ಮುಂಚೆ, ನಡುಮನೆಯಲ್ಲಿ ಎರಡು ಕುರ್ಚಿ. ಎದುರು ಗೋಡೆಗೆ ಎರಡು ಪೆಟ್ಟಿಗೆ. ಎಡಗಡೆಯ ಕುರ್ಚಿ ಟೇಲರಮ್ಮನದು, ಬಲಗಡೆಯದು ಮೇಷ್ಟ್ರದು. ಇಬ್ಬರೂ ಪೆಟ್ಟಿಗೆಗಳ ಕಡೆ ಮುಖ ಮಾಡಿ ಕೂರಬೇಕು, ಆ ಕಡೆ ಈ ಕಡೆ ತಿರುಗಬಾರದು. ಎಡ ಬಲ ಕೆಡುತ್ತದೆಂದು ಮೇಷ್ಟ್ರ ಕಟ್ಟಪ್ಪಣೆ. ಕೊಳಲೂ ಪಿಟೀಲೂ ಜೊತೆಯಾಗಿ ನುಡಿಸಿದ ಒಂದು ಹಳೆಯ ರೆಕಾರ್ಡು ಅವರ ಮೆಚ್ಚಿನದು. ಎಡ ಪೆಟ್ಟಿಗೆಯಿಂದ ಕೊಳಲು, ಬಲ ಪೆಟ್ಟಿಗೆಯಿಂದ ಪಿಟೀಲು. ಕೊಳಲು ನಿಂದು, ಪಿಟೀಲು ನಂದು ಎಂದು ಮದುವೆಯಾದ ಹೊಸತರಲ್ಲೇ ಪಾಲು ಮಾಡಿಕೊಂಡಿದ್ದರು. ಕೊಳಲು ಪಿಟೀಲನ್ನು ಹಿಂದೆ ಹಾಕಿದಾಗ ಟೇಲರಮ್ಮ ಗಂಡನ ಕಡೆ ಹುಬ್ಬೇರಿಸುವುದೂ, ಮೇಷ್ಟ್ರು ತಿರುಗಬಾರದೆಂಬ ತಮ್ಮ ಅಪ್ಪಣೆಯನ್ನೇ ಮರೆತು ಅದನ್ನು ಕದ್ದು ನೋಡುವುದೂ ನಡೆದೇ ಇತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಸಾರವೆಲ್ಲ ಆ ಒಂದು ಹೊತ್ತಿನ ಮೇಲೇ ನಿಂತಿತ್ತು ಎಂದರೂ ಸಲ್ಲುತ್ತದೆ.

ಒಂದು ಸಂಜೆ ಟೇಲರಮ್ಮ, “ಎಡಗಡೆ ಪೆಟ್ಟಿಗೆ ಮಲಗಿಬಿಟ್ಟಿದೆ ಕಣ್ರೀ” ಎಂದರು.

ಮೇಷ್ಟ್ರು ಎದ್ದುಹೋಗಿ ಎಡ ಪೆಟ್ಟಿಗೆಗೆ ಕಿವಿ ಹಚ್ಚಿದರು. ಅವರಿಗೆ ಕೊಳಲು ಚೆನ್ನಾಗೇ ಕೇಳಿತು. ಆದರೆ ಹೆಂಡತಿಯ ಕಿವಿಯ ಮೇಲೆ ಅವರಿಗೆ ತಮ್ಮ ಕಿವಿಗಿಂತ ಹೆಚ್ಚು ನಂಬಿಕೆ. ವೈರಿನ ತುದಿ ಹಳತಾಗಿರಬೇಕೆಂದು ಕತ್ತರಿಸಿ, ಹೊಸದಾಗಿ ಎಳೆ ಹೊಸೆದು, ಬಿಗಿದರು. ಮರುದಿನವೂ ಅದೇ ಮಾತು. ಎರಡೂ ಕಡೆಯ ವೈರನ್ನೇ ಬದಲಿಸಿದರು. ಇನ್ನಷ್ಟು ದಪ್ಪದ್ದು ತಂದರು. ಊಹೂಂ, ಕೊಳಲು ಮೇಲೇಳಲಿಲ್ಲ.

ಆಮೇಲೆ ಬೀದಿಯವರು ಕಣ್ಣಾರೆ ಕಂಡೂ ನಂಬದ ಒಂದು ಸಂಗತಿ ನಡೆಯಿತು. ಮೇಷ್ಟ್ರು ಹಾವಿನಂಥ ಕೇಬಲ್ಲನ್ನು, ಚಿನ್ನದ ತುದಿಯ ಸಮೇತ, ಹೆಗಲ ಮೇಲೆ ಹಾಕಿಕೊಂಡು ಮನೆಯ ಕಡೆ ಹೊರಟರು. ಭಾವಮೈದುನ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜನ್ನು ತೆಗೆದು ನೋಡಿದ.

“ಭಾವ, ಅದು ನೋಡೋಕೆ ಮಾತ್ರ ಅಂತಿದ್ರಿ?”

“ನಾನೂ ನೋಡೋಕೇ ತಗೊಂಡು ಹೋಗ್ತಿದ್ದೀನಿ. ನಿನ್ನ ಮುಳ್ಳು ನೀನು ತಿರುಗಿಸ್ಕೋ” ಎಂದು ಮೇಷ್ಟ್ರು ಹೆಜ್ಜೆ ಹಾಕಿದರು.

ಹಾವೂ ಕೈಲಾಗದೆ ನೆಲದ ಮೇಲೆ ಬಿದ್ದುಕೊಂಡಿತು. ಇಷ್ಟರಲ್ಲಿ ಟೇಲರಮ್ಮ ಸಂಜೆಯ ಹೊತ್ತಿಗೆ ಅಂಚು ಹೊಲಿಯುವುದಿದೆ, ಗುಂಡಿ ಹಾಕುವುದಿದೆ ಎನ್ನತೊಡಗಿದರು. ಮೊದಲು ಒಂದು ದಿನ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ದಿನವೂ. ಮೇಷ್ಟ್ರು ಒಂಟಿಯಾಗಿ ಪೆಟ್ಟಿಗೆಗಳ ಎದುರು ಕೂರುತ್ತಿದ್ದರು. ಪಕ್ಕದ ಕುರ್ಚಿ ಖಾಲಿ. ಕೊಳಲು ಎಷ್ಟು ಚೆನ್ನಾಗಿ ಹಾಡಿದರೂ ಹುಬ್ಬೇರಿಸುವವರಿಲ್ಲ. ಅವಳಿಗೆ ನಾನು ಸಾಕಾಗಿಬಿಟ್ಟೆನೇ ಎಂಬ ಯೋಚನೆ ತಲೆಯೊಳಗೆ ಹೊಕ್ಕಿತು. ಮುದುಕ, ವೈರು ಬಿಟ್ಟರೆ ಬೇರೆ ಮಾತಿಲ್ಲ. ಎಷ್ಟು ವರ್ಷ ಸಹಿಸಿಯಾಳು? ಮೇಷ್ಟ್ರಿಗೆ ಮೊದಲ ಸಲ ತಮ್ಮ ಮನೆಯಲ್ಲೇ ಭಯವಾಯಿತು.

ಭಾನುವಾರ ಅಂಗಡಿಗೆ ರಜೆ. ಇವತ್ತು ಇದಕ್ಕೊಂದು ಗತಿ ಕಾಣಿಸುತ್ತೇನೆಂದು ಪಟ್ಟು ಹಿಡಿದು ಮೇಷ್ಟ್ರು ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಭಾರ ಎತ್ತುವುದಕ್ಕೆ ಭಾವಮೈದುನನೂ ಬಂದ. ಮೊದಲು ಅವನನ್ನೇ ಅಕ್ಕನ ಕುರ್ಚಿಯಲ್ಲಿ ಕೂರಿಸಿ ಕೇಳಿದ್ದಾಯಿತು.

“ಎರಡೂ ಚೆನ್ನಾಗೇ ಕಿರುಚ್ತಿವೆಯಲ್ಲ ಭಾವ.”

ಇವನಿಗೆ ಗಡಿಯಾರದ ಟಿಕ್ ಟಿಕ್ ಬಿಟ್ಟು ಏನು ತಿಳಿಯುತ್ತದೆ ಎಂದು ಮೇಷ್ಟ್ರು ಆ ಸಾಕ್ಷಿಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಟೇಲರಮ್ಮ ಮತ್ತೆ ಬಂದು ಕೂತರು. ತಮ್ಮ ವಿದ್ಯೆಯಂತೆ ಮೇಷ್ಟ್ರು ಎಡದ ಕೇಬಲ್ಲನ್ನು ಬಲಕ್ಕೆ ಹಾಕಿದರು, ಬಲದ್ದನ್ನು ಎಡಕ್ಕೆ.

“ಎಡಗಡೇದೇ ಮಲಗಿದೆ.”

ಕೇಬಲ್ಲು ಪಾಪದ್ದು. ಪೆಟ್ಟಿಗೆಗಳನ್ನೇ ಅದಲು ಬದಲು ಮಾಡಿದರು. ಭಾವಮೈದುನನ ಸೊಂಟ ಲಟಕ್ಕೆಂದಿತು.

“ಈಗಲೂ ಎಡಗಡೇದೇ.”

ಪೆಟ್ಟಿಗೆಯೂ ಪಾಪದ್ದು. ಕೊನೆಗೆ ಆಂಪ್ಲಿಫೈಯರಿನ ಹಿಂದೆ ಎಡ ಬಲ ಬದಲಿಸಿದರು. ಈಗ ಕೊಳಲು ಬಲದಿಂದ ಬರಬೇಕು, ಪಿಟೀಲು ಎಡದಿಂದ. ಟೇಲರಮ್ಮ ಸ್ವಲ್ಪ ಕೇಳಿ, “ಅಯ್ಯೋ, ಕೊಳಲು ಬಂತು. ಆದ್ರೆ ನಿಮ್ಮ ಪಿಟೀಲು ಹೋಯ್ತಲ್ಲ” ಎಂದರು.

“ಸಾಕು ಬಿಡಿ ಭಾವ, ಇದನ್ನೇ ಇಟ್ಕೊಳ್ಳಿ. ಇನ್ಮೇಲೆ ಮನೇಲಿ ನಿಮ್ಮದೇನೂ ನಡೆಯಲ್ಲ ಅಂತ ಗೊತ್ತಾಯ್ತಲ್ಲ” ಎಂದ ಭಾವಮೈದುನ.

ಮೇಷ್ಟ್ರು ನಗಲಿಲ್ಲ. ಈಗಲೂ ಮಲಗಿದ್ದು ಎಡಗಡೆಯದೇ, ಆಂಪ್ಲಿಫೈಯರೂ ಪಾಪದ್ದು. ಮನೆಯಲ್ಲಿ ಬದಲಿಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಎಡ ಗೋಡೆಯ ದಪ್ಪ ಪರದೆ ನಾದವನ್ನು ನುಂಗುತ್ತಿರಬಹುದೇ? ಗೋಡೆಯನ್ನು ಎತ್ತಿ ಆ ಕಡೆ ಇಡಲಾಗದು. ಹಾಗಾದರೆ ಕೂತವರನ್ನೇ ತಿರುಗಿಸಿದರಾಯಿತು.

“ನೋಡೇ, ಪೆಟ್ಟಿಗೆಗೆ ಬೆನ್ನು ಮಾಡಿ ಕೂತ್ಕೋ ಸ್ವಲ್ಪ.”

ಟೇಲರಮ್ಮ ನಗುತ್ತ ಕುರ್ಚಿ ತಿರುಗಿಸಿ ಕೂತರು. ಕೇಳಿದರು. ಕೈ ಎತ್ತಿ ಬೆನ್ನ ಹಿಂದೆ ತೋರಿಸಿದರು.

“ಈಗ ಆ ಮಲಗಿದ್ದು ಎದ್ದಿದೆ. ಎದ್ದಿದ್ದು ಮಲಗಿದೆ.”

“ಸಿಕ್ಕಿತು” ಎಂದು ಮೇಷ್ಟ್ರು ತೊಡೆ ತಟ್ಟಿಕೊಂಡರು. ತಪ್ಪು ಜಾಗ ಬದಲಿಸಿತ್ತು. ಇಷ್ಟು ದಿನದ ಕಳ್ಳ ಸಿಕ್ಕಿಬಿದ್ದಿದ್ದ. ಯಾವುದನ್ನು ಬದಲಿಸಿದಾಗ ತಪ್ಪು ಹೋಯಿತೋ ಅದೇ... ಅಲ್ಲಿಗೆ ಬಂದು ಅವರ ಕೈ ತೊಡೆಯ ಮೇಲೇ ನಿಂತಿತು. ಬದಲಿಸಿದ್ದು ಹೆಂಡತಿಯನ್ನು.

ಭಾವಮೈದುನನಿಗೆ ಸುಮ್ಮನಿರುವಂತೆ ಸನ್ನೆ ಮಾಡಿ ರೆಕಾರ್ಡು ನಿಲ್ಲಿಸಿದರು. ಹೆಂಡತಿಯ ಎಡಕ್ಕೆ, ಸ್ವಲ್ಪ ಹಿಂದೆ ನಿಂತು, ಮೆಲ್ಲಗೆ, “ಕತ್ತರಿ ಕೆಳಗೆ ಬಿತ್ತು ನೋಡು” ಎಂದರು. ಟೇಲರಮ್ಮ ಕಿಟಕಿಯ ಕಡೆ ನೋಡುತ್ತ ಕೂತೇ ಇದ್ದರು. ಬಲಕ್ಕೆ ಬಂದು ಅದೇ ದನಿಯಲ್ಲಿ ಅದೇ ಮಾತು ಹೇಳಿದರು. ಟೇಲರಮ್ಮ ತಟ್ಟನೆ ಬಗ್ಗಿ ನೆಲವೆಲ್ಲ ಹುಡುಕಿದರು.

“ಎಲ್ರೀ?”

ಮೇಷ್ಟ್ರ ಎದೆಯಿಂದ ಒಂದು ಭಾರ ಇಳಿಯಿತು. ಇವಳಿಗೆ ನಾನು ಸಾಕಾಗಿಲ್ಲ. ಇಳಿದಷ್ಟೇ ಬೇಗ ಇನ್ನೊಂದು ಏರಿತು. ಅವರು ಹೆಂಡತಿಯ ಎದುರು ನೆಲದ ಮೇಲೆ, ಕೇಬಲ್ಲಿನ ಸುರುಳಿಗಳ ನಡುವೆಯೇ ಕೂತು ವಿಷಯ ಹೇಳಿದರು. ಟೇಲರಮ್ಮ ಎಡ ಕಿವಿಯ ಬಳಿ ಬೆರಳು ಉಜ್ಜಿ ನೋಡಿದರು, ಬಲ ಕಿವಿಯ ಬಳಿ ಉಜ್ಜಿ ನೋಡಿದರು.

“ಅಂದ್ರೆ ನನ್ನ ಕಿವಿಗೆ ನೀವು ಚಿನ್ನದ ತುದಿ ಕೇಬಲ್ ಹಾಕಿದ್ರಿ” ಎಂದು ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು.

“ಅಂಚು ಹೊಲಿಯೋದಿದೆ ಅಂತ ಯಾಕೆ ಹೇಳ್ತಿದ್ದೆ?”

“ಮತ್ತೇನು ಮಾಡ್ಲಿ? ಮಲಗಿದೆ ಅಂದ್ರೆ ಸಾಕು, ನೀವು ನೆಲದ ಮೇಲೆ ತೆವಳೋಕೆ ಶುರು ಮಾಡ್ತಿದ್ರಿ. ಎದ್ದಿದೆ ಅಂತ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಒಳಗೆ ಕೂತೆ.”

ಮರುದಿನ ಕಿವಿಯ ಡಾಕ್ಟರು ಕೊಳವೆ ಹಾಕಿ ನೋಡಿ, ಹೆಡ್‌ಫೋನು ಹಾಕಿ ಕೇಳಿಸಿ, ಎಡ ಕಿವಿಯ ನರ ಸೋತಿದೆ ಎಂದರು. ಕಿವಿಗೆ ಯಂತ್ರ ಹಾಕಿದರೆ ಮಾತಿಗೆ ಆದೀತು, ಸಂಗೀತ ಮೊದಲಿನಂತೆ ಕೇಳುವುದು ಕಷ್ಟ. ಕಿವಿಯಲ್ಲಿ ಬರೀ ಗುಗ್ಗೆ ಕಟ್ಟಿದ್ದೇ ಆಗಿರಲಿ ಎಂದು ಹಾರೈಸುತ್ತ ಹೊರಗೆ ಕೂತಿದ್ದ ಭಾವಮೈದುನ, ಅಕ್ಕನ ಮುಖ ನೋಡಿ ತಾನೇ ಸಪ್ಪಗಾದ. ಅವನನ್ನು ಸಮಾಧಾನ ಮಾಡಿದವರು ಟೇಲರಮ್ಮನೇ.

“ಇನ್ನೊಂದು ಇದೆಯಲ್ಲೋ. ನಿನ್ನ ಮಾತಿಗೆ ಅದೇ ಜಾಸ್ತಿ.”

ಸಂಜೆ ಮೇಷ್ಟ್ರು ನಡುಮನೆಯಲ್ಲಿ ನಿಂತು ಲೆಕ್ಕ ಹಾಕಿದರು. ಬಲ ಕಿವಿ ಎರಡೂ ಪೆಟ್ಟಿಗೆಗಳ ಕಡೆ ಇರಬೇಕು. ಹೆಂಡತಿಯ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿದರು. ಕಿವಿ ಸರಿಯಾದ ಕಡೆಗೇ ಬಂತು, ಆದರೆ ಟೇಲರಮ್ಮನ ಬೆನ್ನು ಗಂಡನ ಕಡೆಗಾಯಿತು.

“ಇಷ್ಟು ವರ್ಷ ಆದ್ಮೇಲೆ ಬೆನ್ನು ತಿರುಗಿಸಿ ಕೂರೋದಾ?” ಎಂದರು ಟೇಲರಮ್ಮ ಗೋಡೆಗೆ.

ಹಾಗಾದರೆ ಕುರ್ಚಿಗಳನ್ನೇ ಅದಲು ಬದಲು ಮಾಡಬೇಕು. ಬಲಗಡೆಯದು ಮೇಷ್ಟ್ರ ಜಾಗ, ಆಂಪ್ಲಿಫೈಯರಿನ ಗುಂಡಿ ಕೈಗೆ ಸಿಗುವ ಜಾಗ. ಕ್ಷಣವೂ ಮೀನ ಮೇಷ ಎಣಿಸದೆ ಅದನ್ನು ಬಿಟ್ಟುಕೊಟ್ಟು ಎಡಕ್ಕೆ ಹೋಗಿ ಕೂತರು. ರೆಕಾರ್ಡು ತಿರುಗಿತು. ಟೇಲರಮ್ಮ ಬಲಗಡೆಯ ಕುರ್ಚಿಯಲ್ಲಿ, ಬಲ ಕಿವಿಯನ್ನು ಪೆಟ್ಟಿಗೆಗಳಿಗೆ ಕೊಟ್ಟು, ಮುಖವನ್ನು ಗಂಡನ ಕಡೆ ಮಾಡಿ ಕೂತು ಕೇಳಿದರು.

“ಬಂತು ಕಣ್ರೀ. ಕೊಳಲೂ ಬಂತು, ಪಿಟೀಲೂ ಬಂತು.”

ಮೇಷ್ಟ್ರು ಗೋಡೆ ನೋಡುತ್ತ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಟೇಲರಮ್ಮ ಮತ್ತೆ, “ನೀವು ಹಾಡು ಕೇಳುವಾಗ ಬಾಯಿ ತೆರ್ಕೊಂಡಿರ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದರು.

ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನು ಎತ್ತಿ ಹೆಂಡತಿಯ ಕಡೆ ತಿರುಗಿಸಿ ಕೂತರು.

“ಅಯ್ಯೋ, ನಿಮ್ಮ ಎಡ ಬಲ ಕೆಟ್ಟುಹೋಗುತ್ತೆ.”

“ಹೋಗ್ಲಿ.”

ಕೊಳಲು ಮೇಲೇರಿತು, ಪಿಟೀಲು ಅದನ್ನು ಹಿಡಿಯಲು ಹೋಯಿತು. ಟೇಲರಮ್ಮ ಎದುರಿಗೇ ಹುಬ್ಬೇರಿಸಿದರು.

“ಕೊಳಲು ಈಗ ಯಾವ ಕಡೆಯಿಂದ ಬರ್ತಿದೆ? ನಂಗಂತೂ ತಿಳೀತಿಲ್ಲ, ನೀವು ಹೇಳಿ.”

ಮೇಷ್ಟ್ರು ಗಮನವಿಟ್ಟು ಕೇಳಿದರು. ಎರಡೂ ಒಂದೇ ಕಡೆಯಿಂದ, ಒಂದರ ಮೇಲೊಂದು ಬರುತ್ತಿದ್ದವು.

“ನಂಗೂ ತಿಳೀತಿಲ್ಲ ಕಣೆ” ಎಂದರು.